ಗುಳಿಗೆ ನುಂಗಿ ಕಲ್ಲು ಮುಟ್ಟಬೇಡ ಅನ್ನು

ತಂಗಿ, ನಿನ್ನ ಮೆಸೇಜ್ ಈಗಷ್ಟೇ ನೋಡಿದೆ. ಬೆಳಿಗ್ಗೆಯಿಂದ ಫೋನ್ ಚಾರ್ಜಿಗೆ ಇತ್ತು, ನಾನು ರೊಟ್ಟಿ ಬಡಿಯುತ್ತಿದ್ದೆ. ಟೈಪ್ ಮಾಡುವುದು ನನ್ನಿಂದ ಆಗುವುದಿಲ್ಲ, ಅದಕ್ಕೇ ಮಾತಾಡುತ್ತಿದ್ದೇನೆ. ಉದ್ದ ಆಗುತ್ತದೆ. ಪುರಸೊತ್ತು ಇಲ್ಲದವರು ಈಗಲೇ ಬಂದ್ ಮಾಡಿಬಿಡಿ, ಆಮೇಲೆ ಬೈಯಬೇಡಿ.

ನೀನು ಕೇಳಿದ್ದು ಏನು? ನಿನ್ನ ಮಗ ಇನ್ನು ಐದು ವಾರಕ್ಕೆ ಬೆಳಗಾವಿಯಲ್ಲಿ ಆ ಭಾರ ಎತ್ತುವ ಸ್ಟ್ರಾಂಗ್‌ಮ್ಯಾನ್ ಸ್ಪರ್ಧೆಗೆ ಇಳಿಯುತ್ತಾನೆ, ಎಂಟ್ರಿ ಫೀ ಕಟ್ಟಿಬಿಟ್ಟಿದ್ದಾನೆ. ಬಲಗೈ ಮೊಣಕೈಯ ಮುಂಭಾಗ ನೋಯುತ್ತಿದೆ, ಸೊಂಟ ಹಿಡಿದಿದೆ. ಆದರೂ ಗುಳಿಗೆ ತೆಗೆದುಕೊಂಡು ಜಿಮ್‌ಗೆ ಹೋಗುತ್ತಿದ್ದಾನೆ. ಬಿಡಿಸಬೇಕಾ, ಬೇಡ್ವಾ, ಯಾರಾದರೂ ಹೇಳಿ ಅಂತ. ಅದಕ್ಕೆ ನಮ್ಮ ಗ್ರೂಪಿನ ಮಂದಿ ಏನು ಉತ್ತರ ಕೊಟ್ಟಿದ್ದಾರೆ? ತೋಳಿನ ಚಿತ್ರ. ಬೆಂಕಿಯ ಚಿತ್ರ. ಜೈ ಬಜರಂಗಬಲಿ. ಇರಲಿ, ಅದರ ಬಗ್ಗೆ ಆಮೇಲೆ ಹೇಳುತ್ತೇನೆ.

ಭಾರ ಎತ್ತುವುದು ನಮ್ಮ ಮನೆಗೆ ಹೊಸದಲ್ಲ, ಅದು ನಿಮಗೆಲ್ಲ ಗೊತ್ತೇ ಇದೆ. ಅಪ್ಪ ಎತ್ತಿದ್ದಾರೆ, ಕಾಕಾ ಎತ್ತಿದ್ದಾರೆ. ಜೋಳದ ಚೀಲ, ಉಸುಕಿನ ಚೀಲ, ಗುಂಡು, ಸಂಗ್ರಾಣಿ ಕಲ್ಲು. ಇವತ್ತಿಗೂ ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಭಾರ ಎತ್ತುವ ಸ್ಪರ್ಧೆ ಇರುತ್ತದಲ್ಲ. ಹುಡುಗ ಹೋದ ಸಲ ಬಂದಾಗ ನನಗೆ ವಿಡಿಯೋ ತೋರಿಸಿದ. ಅಟ್ಲಾಸ್ ಸ್ಟೋನ್ ಅಂತೆ. ಸಿಮೆಂಟಿನಲ್ಲಿ ಎರಕ ಹೊಯ್ದ ಗುಂಡು, ಅಷ್ಟೇ. ಅವರು ಕೈಗೆ ಅಂಟು ಹಚ್ಚಿಕೊಳ್ಳುತ್ತಾರೆ, ನಮ್ಮವರು ಮಣ್ಣು ಹಚ್ಚಿಕೊಳ್ಳುತ್ತಿದ್ದರು. ಎರಡೂ ಕೈಯಲ್ಲಿ ಭಾರ ಹಿಡಿದು ನಡೆಯುವುದಕ್ಕೆ ಫಾರ್ಮರ್ಸ್ ವಾಕ್ ಅಂತ ಹೆಸರು ಇಟ್ಟಿದ್ದಾರೆ. ನನಗೆ ನಗು ಬಂತು. ನಮ್ಮ ಅಪ್ಪ ದಿನಾ ಹೊಲದಲ್ಲಿ ಅದನ್ನೇ ಮಾಡುತ್ತಿದ್ದರು, ಯಾರೂ ಕಪ್ ಕೊಡಲಿಲ್ಲ.

ಹಾಗಾಗಿ ನಾನು ಭಾರ ಎತ್ತಬೇಡ ಅನ್ನುವವಳಲ್ಲ. ನಾನು ಹೇಳುವುದು ಒಂದೇ. ಗುಳಿಗೆ ನುಂಗಿ ಕಲ್ಲು ಮುಟ್ಟಬೇಡ. ಯಾಕೆ ಅಂತ ನಮ್ಮ ಅಣ್ಣನ ಕೈ ನೋಡಿದವರಿಗೆ ಗೊತ್ತು. ನಿನಗೆ ಗೊತ್ತಿಲ್ಲ ತಂಗಿ, ನೀನು ಆಗ ಲಂಗ ಹಾಕುತ್ತಿದ್ದ ಹುಡುಗಿ.

ಇಂದಿರಾ ಗಾಂಧಿ ತೀರಿಕೊಂಡ ಮೇಲಿನ ಸಂಕ್ರಾಂತಿ. ನಾನು ಬೆಳಗಾವಿಯಲ್ಲಿ ನರ್ಸಿಂಗ್ ಓದುತ್ತಿದ್ದೆ, ರಜೆಗೆ ಊರಿಗೆ ಬಂದಿದ್ದೆ. ಕಬ್ಬು ಕಡಿಯುವ ಕಾಲ. ಅಣ್ಣ ರಾತ್ರಿಯೆಲ್ಲ ಕಬ್ಬು ಹೇರುತ್ತಿದ್ದ, ಬೆಳಗಿನ ಜಾವ ಗರಡಿಗೆ ಹೋಗುತ್ತಿದ್ದ. ನಿದ್ದೆ ಅನ್ನುವುದೇ ಇರಲಿಲ್ಲ. ಜಾತ್ರೆಗೆ ಮುಂಚಿನ ಒಂದು ತಿಂಗಳಿಂದ ಅವನಿಗೆ ಇದೇ ಜಾಗ ನೋಯುತ್ತಿತ್ತು, ಬಲ ಮೊಣಕೈಯ ಮುಂದೆ. ಅವ್ವ ದಿನಾ ಎಣ್ಣೆ ತಿಕ್ಕುತ್ತಿದ್ದಳು. ಅಣ್ಣ ಎತ್ತುವುದನ್ನು ಮಾತ್ರ ಬಿಡಲಿಲ್ಲ. ಜಾತ್ರೆಯ ದಿನ ಕೈ ಮಡಚಲೂ ಆಗುತ್ತಿರಲಿಲ್ಲ. ಆಗ ಗೆಳೆಯರು ಒಬ್ಬ ಕಂಪೌಂಡರ್‌ನನ್ನು ಕರೆದುಕೊಂಡು ಬಂದರು. ಅವನು ಒಂದು ಸೂಜಿ ಚುಚ್ಚಿದ. ಅರ್ಧ ಗಂಟೆಯಲ್ಲಿ ನೋವು ಮಾಯ. ಅಣ್ಣ ನಕ್ಕೊಂಡು ಅಖಾಡಕ್ಕೆ ಹೋದ.

ನಾನು ಮುಂದೆಯೇ ನಿಂತಿದ್ದೆ. ಗುಂಡನ್ನು ತೊಡೆಯ ಮೇಲೆ ತಂದ. ಎದೆಗೆ ಏರಿಸುವಾಗ ಕಲ್ಲು ಸ್ವಲ್ಪ ಜಾರಿತು. ಅವನು ತೋಳು ಮಡಚಿ ಎಳೆದುಕೊಳ್ಳಲು ನೋಡಿದ. ಚಕ್ಕಡಿಗೆ ಕಟ್ಟಿದ ಹಗ್ಗ ಹರಿದರೆ ಬರುವ ಸಪ್ಪಳ ಇದೆಯಲ್ಲ, ಅದೇ ಸಪ್ಪಳ. ಹಲಗಿಯವರು ಬಾರಿಸುತ್ತಿದ್ದರೂ ನನಗೆ ಕೇಳಿಸಿತು. ಕಲ್ಲು ಬಿತ್ತು. ಕಾಲ ಮೇಲೆ ಬೀಳಲಿಲ್ಲ, ಅದು ದೇವರ ದಯೆ. ತೋಳಿನ ಮಾಂಸ ಹೆಗಲ ಕಡೆಗೆ ಸರಿದು ಗಂಟು ಕಟ್ಟಿತ್ತು. ಮರುದಿನ ಮೊಣಕೈ ಸುತ್ತ ಎಲ್ಲ ನೀಲಿ.

ಎಲುಬು ಕಟ್ಟುವವರ ಹತ್ತಿರ ಕರೆದುಕೊಂಡು ಹೋದರು. ಅವರು ಕೈ ಮಡಚಿಸಿ ನೋಡಿದರು, ಮಡಚುತ್ತಿತ್ತು. ಎಲುಬು ಮುರಿದಿಲ್ಲ, ಚಿಂತೆ ಇಲ್ಲ ಅಂದು ಪಟ್ಟಿ ಕಟ್ಟಿ ಕಳಿಸಿದರು. ಇಲ್ಲೇ ಎಲ್ಲರೂ ಮೋಸ ಹೋಗುವುದು, ಕೇಳಿ. ತೋಳಿನ ಮುಂದಿನ ಮಾಂಸಖಂಡ ಬೈಸೆಪ್ಸ್. ಅದನ್ನು ಮುಂಗೈ ಎಲುಬಿಗೆ ಹಿಡಿದಿಡುವುದು ಟೆಂಡನ್. ಆ ಟೆಂಡನ್ ಪೂರ್ತಿ ಹರಿದರೂ ಕೈ ಮಡಚುತ್ತದೆ, ಯಾಕೆಂದರೆ ಅದರ ಕೆಳಗೆ ಇನ್ನೊಂದು ಮಾಂಸಖಂಡ ಇದೆ. ಮಡಚುವ ಬಲ ಸ್ವಲ್ಪ, ಅಂಗೈ ಮೇಲಕ್ಕೆ ತಿರುಗಿಸುವ ಬಲ ಬಹಳ ಕಡಿಮೆ ಆಗುತ್ತದೆ. ಅಣ್ಣ ಇವತ್ತಿಗೂ ಆ ಕೈಯಲ್ಲಿ ಊಟ ಮಾಡುತ್ತಾನೆ, ಚಾ ಕುಡಿಯುತ್ತಾನೆ. ನೋಡಿದವರು ಏನೂ ಆಗಿಲ್ಲ ಅನ್ನುತ್ತಾರೆ. ಒಂದು ಸ್ಕ್ರೂಡ್ರೈವರ್ ಕೊಟ್ಟು ತಿರುಪು ಬಿಗಿ ಮಾಡು ಅನ್ನಿ, ಗೊತ್ತಾಗುತ್ತದೆ. ಪಂಪ್‌ಸೆಟ್ ರಿಪೇರಿಗೆ ಮಗನನ್ನೇ ಕೂಗುತ್ತಾನೆ.

ಮೀರಜ್‌ಗೆ ದೊಡ್ಡ ದವಾಖಾನೆಗೆ ಅಂತ ಹೋಗುವಷ್ಟರಲ್ಲಿ ಕಬ್ಬು ಮುಗಿದು ಯುಗಾದಿ ಬಂದಿತ್ತು. ಡಾಕ್ಟರ್ ತಲೆ ಅಲ್ಲಾಡಿಸಿದರು. ಹರಿದ ಎರಡು ಮೂರು ವಾರದೊಳಗೆ ಬಂದಿದ್ದರೆ ಎಳೆದು ಹೊಲಿಯುವುದು ಸುಲಭ, ಈಗ ಅದು ಮೇಲಕ್ಕೆ ಸರಿದು ಅಲ್ಲೇ ಅಂಟಿಕೊಂಡಿದೆ ಅಂದರು.

ಆ ಸೂಜಿಯಿಂದಲೇ ಕೈ ಹರಿಯಿತು ಅಂತ ನಾನು ಹೇಳುತ್ತಿಲ್ಲ. ಟೆಂಡನ್ ಮೊದಲೇ ಸವೆದಿತ್ತು. ಸಾಕು, ನಿಲ್ಲಿಸು ಅಂತ ಒಳಗಿಂದ ಕೂಗುತ್ತಿತ್ತು. ಸೂಜಿ ಆ ಕೂಗನ್ನು ಕೇಳಿಸದ ಹಾಗೆ ಮಾಡಿತು. ಅದಕ್ಕೇ ಮತ್ತೆ ಹೇಳುತ್ತೇನೆ, ಮಗನಿಗೆ ಈ ಆಡಿಯೋ ಹಾಕಿ ಕೇಳಿಸು. ಗುಳಿಗೆ ನುಂಗಿ ಕಲ್ಲು ಮುಟ್ಟಬೇಡ.

ಈಗ ಹೇಳುತ್ತೇನೆ, ಯಾರಿಗೆ ಬೇಜಾರಾದರೂ ಆಗಲಿ. ಹಿಂದೆ ಅಣ್ಣ ಗೆದ್ದಾಗ ರುಮಾಲು ಸುತ್ತಿ, ಹಲಗಿ ಬಾರಿಸಿ ಊರೆಲ್ಲ ಮೆರವಣಿಗೆ ಮಾಡಿದವರಲ್ಲಿ ಒಬ್ಬರೂ ಅವನು ಮಲಗಿದಾಗ ಮನೆಗೆ ಬರಲಿಲ್ಲ. ಕಬ್ಬಿನ ಬಿಲ್ ಬಂದು ಕೈಯಲ್ಲಿ ದುಡ್ಡೂ ಇತ್ತು. ಮೀರಜ್‌ಗೆ ಹೋಗಲು ದುಡ್ಡು ಕೇಳಿದರೆ ನಮ್ಮ ಮನೆಯ ಹಿರಿಯರೇ, ಹೆಸರು ಬೇಡ, ಕೈ ಮಡಚುತ್ತದಲ್ಲ, ಮೀರಜ್ ಯಾಕೆ ಅಂದರು. ಕೊನೆಗೆ ಅವ್ವ ಬಂಗಾರದ ಬೋರಮಾಳ ಸರ ಒತ್ತೆ ಇಟ್ಟಳು. ಅದನ್ನು ಬಿಡಿಸಲೇ ಇಲ್ಲ. ಆ ಬೋರಮಾಳ ನನ್ನ ಮದುವೆಗೆ ಅಂತ ಅವ್ವ ಎತ್ತಿಟ್ಟಿದ್ದಳು. ನಾನು ಯಾವತ್ತಾದರೂ ಬಾಯಿ ಬಿಟ್ಟಿದ್ದೇನಾ? ಆದರೆ ಪ್ರತಿ ಜಾತ್ರೆಗೂ ಈ ಗ್ರೂಪಿನಲ್ಲಿ ಅಣ್ಣ ಗೆದ್ದ ಬೆಳ್ಳಿ ಕಡಗದ ಫೋಟೋ ಬರುತ್ತದೆ. ನಮ್ಮ ಮನೆತನದ ಶಕ್ತಿ ಅಂತ ಬರೆದಿರುತ್ತಾರೆ. ಆ ಕಡಗ ಈಗ ಯಾರ ಮನೆಯ ಶೋಕೇಸಿನಲ್ಲಿದೆ? ಗೆದ್ದವನ ಮನೆಯಲ್ಲಂತೂ ಇಲ್ಲ. ಅಣ್ಣಾ, ನೀನೂ ಕೇಳುತ್ತಿದ್ದೀಯ ಅಂತ ನನಗೆ ಗೊತ್ತು. ಎಲ್ಲ ಕೇಳುತ್ತೀಯ, ಒಂದು ಮಾತೂ ಆಡುವುದಿಲ್ಲ. ಇವತ್ತಾದರೂ ಅಳಿಯನಿಗೆ ಫೋನ್ ಮಾಡು. ನಿನ್ನ ಮಾತಿಗೆ ಇರುವ ತೂಕ ನನ್ನ ಮಾತಿಗೆ ಇಲ್ಲ.

ಬಂದೆ, ಬಂದೆ. ಹಾಲಿನವನು ಬಂದಿದ್ದಾನೆ.

ಹಾಂ. ಎಲ್ಲಿದ್ದೆ? ಅಯ್ಯೋ, ನೀನು ಕೇಳಿದ್ದಕ್ಕೆ ಉತ್ತರವನ್ನೇ ಕೊಡಲಿಲ್ಲ. ಬಿಡಿಸಬೇಕಾ ಬೇಡ್ವಾ.

ಈಗಲೇ ಬಿಡಿಸಬೇಡ. ಬೈದರೆ ನೋವನ್ನು ಮುಚ್ಚಿಡುತ್ತಾನೆ, ಅದು ಇನ್ನೂ ಕೆಟ್ಟದ್ದು. ಈ ವಾರದೊಳಗೆ ಮೂಳೆ ಡಾಕ್ಟರಿಗೆ ತೋರಿಸಿ. ಮೊಣಕೈ ಹತ್ತಿರ ಬೆರಳು ಕೊಕ್ಕೆ ಹಾಕಿ ಟೆಂಡನ್ ಗಟ್ಟಿ ಇದೆಯಾ ನೋಡುತ್ತಾರೆ. ಬೇಕಾದರೆ ಸ್ಕ್ಯಾನ್ ಬರೆಯುತ್ತಾರೆ. ಸ್ವಲ್ಪ ಹರಿದಿದೆ ಅಂದರೆ ಈ ಸಲದ ಸ್ಪರ್ಧೆ ಮುಗಿಯಿತು, ಅದರಲ್ಲಿ ಚರ್ಚೆ ಇಲ್ಲ. ಎಂಟ್ರಿ ಫೀ ಹೋದರೆ ನಾನು ಕೊಡುತ್ತೇನೆ. ಬರೀ ಊತ ಅಂದರೆ, ಎಷ್ಟು ಎತ್ತಬಹುದು ಅಂತ ಅವರನ್ನೇ ಕೇಳಿ. ಅಲ್ಲಿಯವರೆಗೆ ಮೂರು ಬಂದ್: ಗುಂಡು, ಟೈರ್ ಮಗುಚುವುದು, ಮತ್ತು ಸರಳನ್ನು ಒಂದು ಅಂಗೈ ಮುಂದೆ ಒಂದು ಅಂಗೈ ಹಿಂದೆ ಮಾಡಿ ಹಿಡಿದು, ನೆಲದಿಂದ ಸೊಂಟದವರೆಗೆ ಎತ್ತುವ ಡೆಡ್‌ಲಿಫ್ಟ್ ಮಾಡುವುದು. ಬೈಸೆಪ್ಸ್ ಹರಿಯುವುದು ಜಾಸ್ತಿ ಇವುಗಳಲ್ಲೇ. ಡೆಡ್‌ಲಿಫ್ಟ್‌ನಲ್ಲಿ ಅಂಗೈ ಮುಂದಕ್ಕೆ ತಿರುಗಿದ ಕೈಗೇ ಅಪಾಯ. ಮುಂದೆ ಎತ್ತುವಾಗಲೂ ತೋಳು ಮಡಚಿ ಎಳೆಯಬಾರದು. ಕೈ ಉದ್ದ ಇಟ್ಟುಕೊಂಡು ತೊಡೆ, ಸೊಂಟದ ಬಲದಿಂದ ಏಳಬೇಕು. ಅಭ್ಯಾಸದಲ್ಲಿ ಮಣಿಕಟ್ಟಿನ ಪಟ್ಟಿಯನ್ನು ಸರಳಿಗೆ ಸುತ್ತಿಕೊಂಡು ಎರಡೂ ಅಂಗೈ ಮೈ ಕಡೆಗೆ ಇಟ್ಟು ಹಿಡಿಯಲಿ.

ಸೊಂಟದ ಬಗ್ಗೆ. ಬರೀ ಹಿಡಿದಿದ್ದರೆ ಭಾರ ಇಳಿಸಿದರೆ ಬಿಡುತ್ತದೆ. ಕಾಲಿಗೆ ಜುಮು ಜುಮು ಇಳಿದರೆ ಅದನ್ನೂ ಅದೇ ಡಾಕ್ಟರಿಗೆ ಹೇಳಬೇಕು. ಪಾದ ಎತ್ತಲು ಆಗದಿದ್ದರೆ, ಕೂರುವ ಜಾಗ ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅಥವಾ ಗೊತ್ತಿಲ್ಲದೆ ಹೋದರೆ, ಬೆಳಗಾಗಲಿ ಅಂತ ಕಾಯಬೇಡಿ, ಅದೇ ರಾತ್ರಿ ದೊಡ್ಡ ದವಾಖಾನೆಗೆ. ನಾನು ಡ್ಯೂಟಿಯಲ್ಲಿ ಇಂಥವರನ್ನು ನೋಡಿದ್ದೇನೆ. ತಡ ಮಾಡಿದವರ ಕಾಲು, ಮೂತ್ರದ ಹಿಡಿತ ಪೂರ್ತಿ ವಾಪಸ್ ಬರಲಿಲ್ಲ.

ದಣಿವಿನ ವಿಷಯಕ್ಕೆ ಬಂದರೆ, ಅವನು ಉದ್ಯಮಬಾಗದ ಎರಕ ಹೊಯ್ಯುವ ಫೌಂಡ್ರಿಯಲ್ಲಿ ರಾತ್ರಿ ಪಾಳಿ ಮಾಡಿ ಸೀದಾ ಜಿಮ್‌ಗೆ ಹೋಗುತ್ತಾನೆ ಅಂತ ನೀನೇ ಹೇಳಿದೆ. ಅಣ್ಣನ ಕಬ್ಬಿಗೂ ಇದಕ್ಕೂ ಏನು ಫರಕು? ಮಾಂಸ ಕೆಲವು ವಾರಗಳಲ್ಲಿ ಬಲ ಆಗುತ್ತದೆ. ಟೆಂಡನ್‌ಗೆ ರಕ್ತ ಕಡಿಮೆ, ಅದಕ್ಕೆ ತಿಂಗಳುಗಟ್ಟಲೆ ಬೇಕು. ಹುಡುಗರಿಗೆ ತೋಳು ದಪ್ಪ ಆಗಿದ್ದು ಕಾಣುತ್ತದೆ, ಒಳಗಿನದು ಕಾಣುವುದಿಲ್ಲ. ಮೂರು ನಾಲ್ಕು ವಾರ ಭಾರ ಏರಿಸಿದ ಮೇಲೆ ಒಂದು ವಾರ ಇಳಿಸಬೇಕು. ಅದಕ್ಕೆ ಡೀಲೋಡ್ ಅನ್ನುತ್ತಾರಂತೆ. ಈ ವಾರ ಅವನಿಗೆ ಅದೇ. ಎಲ್ಲವೂ ಅರ್ಧ ಭಾರ, ನೋವಿದ್ದ ಕೈಗೆ ಅದೂ ಬೇಡ. ಡಾಕ್ಟರ್ ಒಪ್ಪಿದ ಮೇಲೂ ದೊಡ್ಡ ಕಲ್ಲು ವಾರಕ್ಕೆ ಒಂದೇ ದಿನ. ಸ್ಪರ್ಧೆಗೆ ಹತ್ತು ಹನ್ನೆರಡು ದಿನ ಮುಂಚೆಯೇ ಕೊನೆಯ ಭಾರ ಮುಗಿಯಬೇಕು. ಸೂಪರ್‌ವೈಸರ್ ಹತ್ತಿರ ಹಗಲು ಪಾಳಿ ಕೇಳಲಿ. ಸಿಗದಿದ್ದರೆ ಹಗಲಲ್ಲಿ ಕೋಣೆ ಕತ್ತಲೆ ಮಾಡಿ ಮಲಗಿಸು. ಪಾವಣ್ಯಾರು, ನೆಂಟರು ಬಂದರು ಅಂತ ಎಬ್ಬಿಸಬೇಡ. ಬೆಳಿಗ್ಗೆ ಏಳುವಾಗಲೇ ನಾಡಿ ಜೋರಾಗಿದ್ದರೆ, ಮುಷ್ಟಿ ಬಿಗಿ ಕಡಿಮೆ ಆಗಿದ್ದರೆ, ಅವತ್ತು ಬಿಡಲಿ.

ಅವನು ಆ ಐಸ್‌ಲ್ಯಾಂಡಿನ ದೈತ್ಯನನ್ನು ತೋರಿಸುತ್ತಾನಲ್ಲ, ಹಾಫ್ಥೋರ್ ಬ್ಯೋರ್ನ್ಸನ್. 2020ರಲ್ಲಿ 501 ಕಿಲೋ ಡೆಡ್‌ಲಿಫ್ಟ್ ಮಾಡಿದವನು. 2023ರಲ್ಲಿ ಅವನ ಎದೆಯ ಮಾಂಸಖಂಡ ಹರಿಯಿತು, ಆಪರೇಷನ್ ಆಯಿತು. ಮತ್ತೆ ದಾಖಲೆ ಮುರಿದು 510 ಎತ್ತಿದ್ದು 2025ರಲ್ಲಿ. ಎರಡು ವರ್ಷ. ಅದೇ ಹೊಟ್ಟೆಪಾಡು ಆಗಿರುವವನಿಗೇ ಮತ್ತೆ ದಾಖಲೆಗೆ ಇಷ್ಟು ಕಾಲ ಬೇಕಾಯಿತು. ಇವನಿಗೆ ಮುಂದಿನ ಸ್ಪರ್ಧೆಯವರೆಗೆ ಕಾಯಲು ಏನು ತೊಂದರೆ?

ಇನ್ನೊಂದು, ಮುಖ್ಯವಾದದ್ದು. ಆ ಗುಳಿಗೆ ಯಾವುದು? ನೋವಿನ ಗುಳಿಗೆ ನುಂಗಿ ಭಟ್ಟಿಯ ಮುಂದೆ ನೀರಿಲ್ಲದೆ ಬೆವರಿದರೆ ಕಿಡ್ನಿಗೆ ಪೆಟ್ಟು. ಮೂತ್ರ ಚಾ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅವತ್ತೇ ದವಾಖಾನೆ. ಈಚೆಗೆ ಜ್ವರಕ್ಕೋ ಹೊಟ್ಟೆ ಕೆಟ್ಟಿದ್ದಕ್ಕೋ ಸಿಪ್ರೋಫ್ಲಾಕ್ಸಾಸಿನ್ ಥರದ ಆಂಟಿಬಯೋಟಿಕ್ ತೆಗೆದುಕೊಂಡಿದ್ದಾನಾ ಕೇಳು. ಆ ಜಾತಿಯ ಗುಳಿಗೆಯಿಂದ ಟೆಂಡನ್ ಹರಿಯುವ ಅಪಾಯ ಇದೆ. ಜಿಮ್‌ನಲ್ಲಿ ಯಾರಾದರೂ ಸೂಜಿ, ಡಬ್ಬಿ ಏನಾದರೂ ಕೊಟ್ಟಿದ್ದಾರಾ ಅದನ್ನೂ ಕೇಳು. ಮೆತ್ತಗೆ ಕೇಳು.

ಭಾನುವಾರ ಅವನನ್ನು ಕರೆದುಕೊಂಡು ಬಾ. ಜೋಳದ ರೊಟ್ಟಿ, ಕಾಳು ಪಲ್ಯ, ತತ್ತಿ ಮಾಡಿರುತ್ತೇನೆ. ಗುಳಿಗೆಯ ಶೀಟು, ಪೌಡರ್ ಡಬ್ಬಿ ಎಲ್ಲ ಚೀಲದಲ್ಲಿ ಹಾಕಿಕೊಂಡು ಬಾ. ಅದಕ್ಕೂ ಮೊದಲು ಶೀಟಿನ ಹಿಂಬದಿಯ ಫೋಟೋ ಕಳಿಸು, ಹೆಸರು ಕಾಣುವ ಹಾಗೆ. ಗ್ರೂಪಿನಲ್ಲಿ ಹಾಕಬೇಡ, ಅದಕ್ಕೂ ಬೆಂಕಿಯ ಚಿತ್ರ ಬರುತ್ತದೆ. ನನ್ನ ನಂಬರಿಗೆ ಕಳಿಸು.