ಮಾಡೆಲ್ ಎ ಟ್ಯೂಡರ್ ರೆಸಿನ್ ಬಾಡಿಯನ್ನು 1932ರ ಚಾಸಿಗೆ ಕೂರಿಸುವುದು: ಚಾವಣಿ ಕತ್ತರಿಸುವ ಮೊದಲು ಸಲಹೆ ಬೇಕು

ಕಡಲತಡಿ:

ಎಲ್ಲರಿಗೂ ನಮಸ್ಕಾರ. ಪ್ಲಾಸ್ಟಿಕ್ ಕಿಟ್‌ಗಳಿಂದ ಏಳೆಂಟು ಪುಟ್ಟ ಮಾದರಿ ಕಾರುಗಳನ್ನು ಕಟ್ಟಿದ್ದೇನೆ. ರೆಸಿನ್ (ಅಚ್ಚಿನಲ್ಲಿ ಹೊಯ್ದು ಗಟ್ಟಿಯಾಗಿಸುವ ರಾಳ) ಎರಕದ ಬಾಡಿಯನ್ನು ಕೈಗೆತ್ತಿಕೊಂಡದ್ದು ಇದೇ ಮೊದಲು. ಅಮೆರಿಕದಲ್ಲಿರುವ ನನ್ನ ಅಕ್ಕ ಕಳೆದ ಬಾರಿ ಮಂಗಳೂರಿಗೆ ಬಂದಾಗ 1931ರ ಫೋರ್ಡ್ ಮಾಡೆಲ್ ಎ ಟ್ಯೂಡರ್ (ಎರಡು ಬಾಗಿಲಿನ) ಸೆಡಾನ್‌ನ 1:25 ಅಳತೆಯ, ಅಂದರೆ ನಿಜವಾದ ಕಾರಿನ ಇಪ್ಪತ್ತೈದನೆಯ ಒಂದು ಪಾಲಿನ, ರೆಸಿನ್ ಬಾಡಿಯೊಂದನ್ನು ತಂದುಕೊಟ್ಟರು. ಚಾಸಿ (ಬಾಡಿಯನ್ನು ಹೊರುವ ಅಡಿಚೌಕಟ್ಟು), ಎಂಜಿನ್ ಮತ್ತು ಚಕ್ರಗಳನ್ನು ಅದೇ ಅಳತೆಯ 1932ರ ಫೋರ್ಡ್ ಪ್ಲಾಸ್ಟಿಕ್ ಕಿಟ್‌ನಿಂದ ತೆಗೆದುಕೊಂಡು, 1940ರ ದಶಕದ ಕ್ಯಾಲಿಫೋರ್ನಿಯಾದ ಹುಡುಗರು ಕಟ್ಟುತ್ತಿದ್ದಂತಹ, ಮಡ್‌ಗಾರ್ಡ್‌ಗಳಿಲ್ಲದ ಹಾಟ್ ರಾಡ್ (ವೇಗಕ್ಕಾಗಿ ಮಾರ್ಪಡಿಸಿದ ಹಳೆಯ ಕಾರು) ಒಂದನ್ನು ಕಟ್ಟಬೇಕೆಂಬುದು ನನ್ನ ಬಹುದಿನದ ಆಸೆ.

ಆದರೆ ಆರಂಭದಲ್ಲಿಯೇ ಎಡವಿದ್ದೇನೆ. ಆತುರದಲ್ಲಿ ಹೊಡೆದ ಪ್ರೈಮರ್ (ಬಣ್ಣಕ್ಕೆ ಮೊದಲು ಹೊಡೆಯುವ ಅಡಿಲೇಪ) ಮರುದಿನ ಬಾಗಿಲಿನ ಕೆಳಗೆ ಹಾಳೆಯಂತೆ ಕಿತ್ತುಬಂದಿತು. ಬಾಡಿಯ ಹಿಂಭಾಗದ ಎರಡೂ ಪಕ್ಕಗಳು ಸ್ವಲ್ಪ ಒಳಕ್ಕೆ ಬಾಗಿವೆ. ಚಾಸಿಯ ಮೇಲೆ ಇಟ್ಟು ನೋಡಿದಾಗ ಹಿಂದಿನ ಚಕ್ರವು ಬಾಡಿಯಲ್ಲಿರುವ ಚಕ್ರದ ಕಮಾನಿನ ನಡುವೆ ಬರದೆ ಹಿಂದಕ್ಕೆ ಸರಿದು ನಿಲ್ಲುತ್ತದೆ. ಇವುಗಳನ್ನು ಸರಿಪಡಿಸಿದ ಮೇಲೆ ಚಾವಣಿಯನ್ನು ನಿಜವಾದ ಕಾರಿನ ಮೂರು ಇಂಚಿಗೆ ಸಮನಾಗಿ ತಗ್ಗಿಸಬೇಕೆಂದಿದ್ದೇನೆ. ಯಾವ ಕೆಲಸವನ್ನು ಮೊದಲು ಮಾಡಬೇಕು? ಇನ್ನೊಂದು ಬಾಡಿ ಸಿಗುವುದು ಸುಲಭವಲ್ಲವಾದ್ದರಿಂದ ಕೇಳಿಯೇ ಮುಂದುವರಿಯುತ್ತೇನೆ.

ಎರಕದ ಕೈ:

ಪ್ರೈಮರ್ ಕಿತ್ತುಬಂದದ್ದು ಬಣ್ಣದ ದೋಷವಲ್ಲ. ರೆಸಿನ್ ಬಾಡಿಯನ್ನು ಸಿಲಿಕೋನ್ ರಬ್ಬರಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಬಾಡಿ ಸುಲಭವಾಗಿ ಬಿಟ್ಟುಬರಲೆಂದು ಅಚ್ಚಿಗೆ ಸವರುವ ಜಿಡ್ಡು ಎರಕದ ಮೈಗೆ ಹತ್ತಿಕೊಂಡಿರುತ್ತದೆ, ಅದರ ಮೇಲೆ ಯಾವ ಬಣ್ಣವೂ ನಿಲ್ಲುವುದಿಲ್ಲ. ಸಡಿಲವಾಗಿರುವ ಪ್ರೈಮರನ್ನು ಕಿತ್ತು, ಉಳಿದದ್ದನ್ನು ನೀರು ಹಾಕಿ ಉಪ್ಪುಕಾಗದದಿಂದ ಉಜ್ಜಿ ತೆಗೆಯಿರಿ. ಥಿನ್ನರ್ ಬಳಸಬೇಡಿ, ರೆಸಿನ್ ಮೆತ್ತಗಾಗುವ ಅಪಾಯವಿದೆ. ಬಳಿಕ ಪಾತ್ರೆ ತೊಳೆಯುವ ದ್ರವಸೋಪು ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಒಳಮೈ ಹೊರಮೈ ಎರಡನ್ನೂ ತಿಕ್ಕಿ ತೊಳೆದು ಒಣಗಿಸಿರಿ.

ಬಾಗಿದ ಪಕ್ಕಗಳ ಬಗ್ಗೆ ಹೆದರಬೇಕಾಗಿಲ್ಲ. ಎರಕದ ಪಾಲಿಯುರೆಥೇನ್ ರೆಸಿನ್ ಬಿಸಿಗೆ ಮಣಿಯುತ್ತದೆ, ತಣಿದಾಗ ಅದೇ ಆಕಾರದಲ್ಲಿ ನಿಲ್ಲುತ್ತದೆ. ಬಾಡಿಯ ಒಳಅಗಲಕ್ಕೆ ಸರಿಯಾಗಿ ಒಂದು ಮರದ ತುಂಡನ್ನು ಕತ್ತರಿಸಿಟ್ಟುಕೊಳ್ಳಿ. ಕೈ ಇಡಲಾಗದಷ್ಟು ಬಿಸಿಯಾದ, ಆದರೆ ಕುದಿಯದ ನೀರಿನಲ್ಲಿ ಬಾಡಿಯನ್ನು ಒಂದೆರಡು ನಿಮಿಷ ಮುಳುಗಿಸಿ, ಮಣಿದೊಡನೆ ಮರದ ತುಂಡನ್ನು ಒಳಗಿಟ್ಟು ತಣ್ಣೀರಿನಲ್ಲಿ ಅದ್ದಿರಿ. ಒಮ್ಮೆಗೆ ಸರಿಹೋಗದಿದ್ದರೆ ಇನ್ನೊಮ್ಮೆ ಮಾಡಿರಿ. ತಣ್ಣಗಿರುವಾಗ ಮಾತ್ರ ಬಲವಂತವಾಗಿ ಬಗ್ಗಿಸಲು ಹೋಗಬೇಡಿ, ಚಾವಣಿಯನ್ನು ಹೊತ್ತ ಕಂಬಗಳು ಪಟ್ಟೆಂದು ಮುರಿಯುತ್ತವೆ.

ಪ್ಲಾಸ್ಟಿಕ್ ಕಿಟ್ ಕಟ್ಟಿ ರೂಢಿಯಾದವರು ಎಡವುವ ಇನ್ನೊಂದು ಜಾಗವೆಂದರೆ ಅಂಟು. ಪಾಲಿಸ್ಟೈರೀನನ್ನು ಕರಗಿಸಿ ಬೆಸೆಯುವ ಕಿಟ್ ಅಂಟು ರೆಸಿನ್ ಮೇಲೆ ಏನೂ ಮಾಡದು. ಸೂಪರ್ ಗ್ಲೂ ಇಲ್ಲವೇ ಎಪಾಕ್ಸಿಯೇ ಬೇಕು. ಹಾಗೆಯೇ ಮೈಯಲ್ಲಿ ಸೂಜಿಮೊನೆಯಷ್ಟು ಗುಳ್ಳೆಗಳು ಕಂಡರೆ ಅವುಗಳ ಮೇಲೆ ಸುಮ್ಮನೆ ಪುಟ್ಟಿ ಸವರಬಾರದು. ತೆಳುವಾದ ಪೊರೆಯ ಕೆಳಗೆ ದೊಡ್ಡ ಪೊಳ್ಳು ಇರಬಹುದು, ಬಣ್ಣವೆಲ್ಲ ಮುಗಿದ ಮೇಲೆ ಅದು ಕುಸಿಯುತ್ತದೆ. ಸಣ್ಣ ಬೈರಿಗೆಯಿಂದ ಗುಳ್ಳೆಯನ್ನು ಪೂರ್ತಿ ತೆರೆದು ಆಮೇಲೆ ತುಂಬಿರಿ.

ಒಣಕೆರೆ 32:

ಚಕ್ರವು ಕಮಾನಿನ ನಡುವೆ ಬಾರದಿರುವುದು ಎರಕದ ತಪ್ಪಲ್ಲ, ಎರಡು ಕಾರುಗಳ ನಡುವಿನ ನಿಜವಾದ ಅಂತರ. ಮಾಡೆಲ್ ಎ ಕಾರಿನ ಚಕ್ರಾಂತರ (ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ) 103.5 ಇಂಚು, 1932ರ ಫೋರ್ಡ್‌ನದು 106 ಇಂಚು. 1:25ರಲ್ಲಿ ಇವು ಕ್ರಮವಾಗಿ ಸುಮಾರು 105.2 ಮತ್ತು 107.7 ಮಿಲಿಮೀಟರ್ ಆಗುತ್ತವೆ. ಆ ಎರಡೂವರೆ ಮಿಲಿಮೀಟರೇ ತಮ್ಮ ಕಣ್ಣಿಗೆ ಬಿದ್ದದ್ದು.

ಅಂದಿನ ಹುಡುಗರು ಈ ಜೋಡಣೆಯನ್ನು ಏಕೆ ಮಾಡುತ್ತಿದ್ದರು ಎಂಬುದನ್ನು ನೆನೆದರೆ ಪರಿಹಾರವೂ ಹೊಳೆಯುತ್ತದೆ. ಮಾಡೆಲ್ ಎ ಹಗುರವಾದ ಕಾರು, ಆದರೆ ಅದರ ನಾಲ್ಕು ಸಿಲಿಂಡರಿನ ಎಂಜಿನ್ ಕೊಡುತ್ತಿದ್ದದ್ದು 40 ಅಶ್ವಶಕ್ತಿ ಮಾತ್ರ. 1932ರಲ್ಲಿ ಫೋರ್ಡ್ ಸಂಸ್ಥೆಯು 221 ಘನ ಇಂಚಿನ, 65 ಅಶ್ವಶಕ್ತಿಯ ಫ್ಲಾಟ್‌ಹೆಡ್ (ಕವಾಟಗಳು ಸಿಲಿಂಡರಿನ ಪಕ್ಕದಲ್ಲಿರುವ) ವಿ8, ಅಂದರೆ ಎಂಟು ಸಿಲಿಂಡರಿನ ಎಂಜಿನನ್ನು ಅಗ್ಗದ ಕಾರಿನಲ್ಲಿಯೇ ಕೊಟ್ಟಿತು. ಹಗುರವಾದ ಹಳೆಯ ಬಾಡಿ, ಬಲವಾದ ಹೊಸ ಎಂಜಿನ್ ಮತ್ತು ಚಾಸಿ: ಇವು ಕೂಡಿದ ಕಾರುಗಳನ್ನು ದಕ್ಷಿಣ ಕ್ಯಾಲಿಫೋರ್ನಿಯಾದ ಮ್ಯೂರಾಕ್, ಎಲ್ ಮಿರಾಜ್‌ನಂತಹ ಒಣಕೆರೆಗಳ ಬಯಲಿನಲ್ಲಿ ವೇಗಕ್ಕೆ ಓಡಿಸುತ್ತಿದ್ದರು. ಆ ಓಟಗಳಿಗೆ ಕಟ್ಟುಪಾಡು ತರಲೆಂದು ದಕ್ಷಿಣ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಹುಟ್ಟಿದ್ದು 1937ರಲ್ಲಿ. ಚಾವಣಿ ತಗ್ಗಿಸಿದ್ದು ಅಂದಕ್ಕಾಗಿ ಮಾತ್ರವಲ್ಲ, ಗಾಳಿಗೆ ಎದುರಾಗುವ ಮೈಯನ್ನು ಕಿರಿದಾಗಿಸುವುದಕ್ಕೂ ಆಗಿತ್ತು. 1932ರ ಚಾಸಿಯ ಪಕ್ಕದ ಹಳಿಗಳಲ್ಲಿ (ಉದ್ದುದ್ದ ತೊಲೆಗಳಲ್ಲಿ) ಅಚ್ಚೊತ್ತಿದ ಉಬ್ಬುಗೆರೆಯಿದ್ದುದರಿಂದ ಮಡ್‌ಗಾರ್ಡ್ ತೆಗೆದರೂ ಅದು ಬೋಳಾಗಿ ಕಾಣುತ್ತಿರಲಿಲ್ಲ. ಈ ಗೆರೆ ಕಾಣುವಂತೆ ಬಾಡಿಯನ್ನು ಹಳಿಗಳ ಮೇಲೆಯೇ ಕೂರಿಸಿ, ದಯವಿಟ್ಟು ಹಳಿಗಳನ್ನು ಮುಚ್ಚುವಂತೆ ಕೆಳಗಿಳಿಸಬೇಡಿ.

ಆದ್ದರಿಂದ ಕಮಾನನ್ನು ಕೊರೆಯಲು ಹೋಗದೆ, ಬಾಡಿಯನ್ನೇ ಹಿಂದಕ್ಕೆ ಸರಿಸಿ ಹಿಂದಿನ ಚಕ್ರಕ್ಕೆ ಹೊಂದಿಸಿರಿ. ಉಳಿಯುವ ಎರಡೂವರೆ ಮಿಲಿಮೀಟರ್ ಬಾನೆಟ್ಟಿನ ಪಾಲಿಗೆ ಹೋಗಿ ಮೂಗು ತುಸು ಉದ್ದವಾಗುತ್ತದೆ. ಹಾಟ್ ರಾಡ್‌ಗೆ ಅದು ಒಪ್ಪುವ ರೂಪವೇ. ಬಾಡಿಯ ಮುಂಭಾಗಕ್ಕಿಂತ ಹಳಿಗಳು ಅಗಲವಾಗಿ ಕಂಡರೆ, ಅಡ್ಡಪಟ್ಟಿಯನ್ನು ಅಷ್ಟೇ ಗಿಡ್ಡಮಾಡಿ ಹಳಿಗಳನ್ನು ಒಳಕ್ಕೆ ತರಬಹುದು. ಇವೆಲ್ಲವನ್ನೂ ಚಾವಣಿಯ ತಂಟೆಗೆ ಹೋಗುವ ಮೊದಲೇ ಮುಗಿಸಿ, ಚಕ್ರಗಳನ್ನು ಮೇಣದಿಂದ ತಾತ್ಕಾಲಿಕವಾಗಿ ನಿಲ್ಲಿಸಿ, ಕಾರನ್ನು ಕಣ್ಣಿನ ಮಟ್ಟದಲ್ಲಿಟ್ಟು ಕೆಲವು ದಿನ ನೋಡಿರಿ. ಮುಂದೆ ಚಿಕ್ಕ, ಹಿಂದೆ ದೊಡ್ಡ ಟೈರು ಹಾಕಿ ಮೂಗು ತಗ್ಗಿದಾಗ ಚಾವಣಿ ಎಷ್ಟು ಎತ್ತರವಾಗಿ ಕಾಣುತ್ತದೆಯೋ ಅದನ್ನು ನೋಡಿಯೇ ಎಷ್ಟು ಕತ್ತರಿಸಬೇಕೆಂದು ನಿಶ್ಚಯಿಸಬೇಕು. ನಿಲುವು ಕೆಟ್ಟರೆ ಬಣ್ಣ ಎಷ್ಟು ಹೊಳೆದರೂ ಕಾರು ಕಾರಿನಂತೆ ಕಾಣದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೂರು ಇಂಚು ಎಂದರೆ ತಮ್ಮ ಅಳತೆಯಲ್ಲಿ 3 ಮಿಲಿಮೀಟರಿಗಿಂತ ಕೂದಲೆಳೆ ಹೆಚ್ಚು. ಮಾಡೆಲ್ ಎ ಟ್ಯೂಡರ್‌ನ ಕಂಬಗಳು ಬಹುಮಟ್ಟಿಗೆ ನೆಟ್ಟಗಿರುವುದರಿಂದ ಕತ್ತರಿಸಿದ ಚಾವಣಿಯನ್ನು ನೇರವಾಗಿ ಕೆಳಗಿಳಿಸಬಹುದು, ಹಿಗ್ಗಿಸುವ ಪ್ರಮೇಯ ಹೆಚ್ಚಾಗಿ ಬರುವುದಿಲ್ಲ. 3 ಮಿಲಿಮೀಟರ್ ಅಗಲದ ಮಾಸ್ಕಿಂಗ್ ಟೇಪನ್ನು ಎಲ್ಲ ಕಂಬಗಳಿಗೂ ಹಿಂಬದಿಗೂ ಒಂದೇ ಮಟ್ಟದಲ್ಲಿ ಸುತ್ತಿ, ಗರಗಸವನ್ನು ಟೇಪಿನ ಅಂಚಿನ ಒಳಗೆ, ಅಂದರೆ ಬಿಸಾಡುವ ಭಾಗದ ಮೇಲೆಯೇ ಓಡಿಸಿರಿ. ಗರಗಸದ ದಪ್ಪವೇ ಕಾಲು ಮಿಲಿಮೀಟರಿನಷ್ಟು ತಿನ್ನುತ್ತದೆ. ಕಂಬಗಳ ತುದಿಯಲ್ಲಿ ಅರ್ಧ ಮಿಲಿಮೀಟರಿನ ರಂಧ್ರ ಕೊರೆದು ತಾಮ್ರದ ತಂತಿಯ ತುಂಡುಗಳನ್ನು ಗೂಟದಂತೆ ಸಿಕ್ಕಿಸಿ ಅಂಟಿಸಿದರೆ ಚಾವಣಿ ಮುಂದೆ ಕೈತಪ್ಪಿ ಬಿದ್ದರೂ ಉಳಿಯುತ್ತದೆ.

ಮಲೆನಾಡ ಮೇಜು:

ಮೇಲಿನವರು ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ. ರೆಸಿನ್ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ನಾನು ಮೊದಲ ವರ್ಷ ಮುಚ್ಚಿದ ಕೋಣೆಯಲ್ಲಿ ಒಣದಾಗಿಯೇ ಉಜ್ಜಿ ವಾರಗಟ್ಟಲೆ ಕೆಮ್ಮಿದ್ದೇನೆ. ಉಜ್ಜುವುದೆಲ್ಲ ನೀರಿನಲ್ಲಿಯೇ ಆಗಲಿ. ಗರಗಸ, ಬೈರಿಗೆ ಹಿಡಿದಾಗ ಎನ್95 ಮಾಸ್ಕ್ ಇರಲಿ. ಇನ್ನೊಂದು, ನಮ್ಮ ಮಳೆಗಾಲದ ತೇವ. ಲ್ಯಾಕರ್ ಬಣ್ಣ ಒಣಗುವಾಗ ಅದರ ಮೈ ತಣ್ಣಗಾಗಿ ಗಾಳಿಯ ತೇವವನ್ನು ಹಿಡಿದು ಬೆಳ್ಳಗೆ ಮಂಕಾಗುತ್ತದೆ. ಮಂಗಳೂರಿನ ಜುಲೈನಲ್ಲಿ ಬಣ್ಣ ಹೊಡೆಯದೆ, ಕತ್ತರಿಸುವ, ತುಂಬುವ ಕೆಲಸವನ್ನು ಆಗ ಮುಗಿಸಿಕೊಂಡು ಬಣ್ಣವನ್ನು ಡಿಸೆಂಬರಿಗೆ ಇಟ್ಟುಕೊಳ್ಳಿ.

ಕಡಲತಡಿ:

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ತೊಳೆದು ಒಣಗಿಸಿದ ಮೇಲೆ ಹೊಡೆದ ಪ್ರೈಮರ್ ಟೇಪ್ ಅಂಟಿಸಿ ಎಳೆದರೂ ಏಳಲಿಲ್ಲ. ಬಿಸಿನೀರಿನ ಉಪಾಯ ಎರಡನೆಯ ಸಲಕ್ಕೆ ಫಲಿಸಿತು. ಬಾಡಿಯನ್ನು ಹಿಂದಕ್ಕೆ ಸರಿಸಿ ನಾಲ್ಕು ದಿನ ನೋಡಿದ ಮೇಲೆ, ಮೂರು ಇಂಚೇ ಸರಿ ಎಂದು ಮನಸ್ಸು ಒಪ್ಪಿತು, ನಿನ್ನೆ ಚಾವಣಿ ಇಳಿಯಿತು. ಈಗ ಕಿಟ್‌ನ ಗಾಜು ಹೇಗೂ ಹೊಂದುವುದಿಲ್ಲ. ಹೊಸದನ್ನು ಹೇಗೆ ಮಾಡಲಿ?

ಎರಕದ ಕೈ:

ಮಾಡೆಲ್ ಎ ಕಾರಿನ ಗಾಜುಗಳೆಲ್ಲ ಚಪ್ಪಟೆ, ಆದ್ದರಿಂದ ತಾವು ಅದೃಷ್ಟವಂತರು. ಕಿಟಕಿಯ ಆಕಾರವನ್ನು ಒಳಗಿನಿಂದ ಕಾಗದದ ಮೇಲೆ ತೆಗೆದು, ಪಾರದರ್ಶಕ ಅಸಿಟೇಟ್ ಹಾಳೆಯನ್ನು ಎಲ್ಲ ಬದಿಗೂ ಒಂದು ಮಿಲಿಮೀಟರ್ ಹೆಚ್ಚಾಗಿ ಕತ್ತರಿಸಿರಿ. ಬಣ್ಣ ಮುಗಿದ ಮೇಲೆಯೇ ಒಳಗಿನಿಂದ ಅಂಟಿಸಿರಿ, ಅದೂ ಮರಗೆಲಸದ ಬಿಳಿ ಅಂಟಿನಿಂದ. ಸೂಪರ್ ಗ್ಲೂವಿನ ಆವಿ ಗಾಜಿನ ಮೇಲೆ ಬೆಳ್ಳಗೆ ಕೂರುತ್ತದೆ.