ಒಂದ ಕಣ್ಣಿನ ಪೊರೆ ತಗದಾರ, ಇನ್ನೊಂದು ಊರಾಗ ತಗಸ್ಲೇನು? (ಜೋಡಿಗೆ ಪುಸ್ತಕ, ವೋಟು ಇತ್ಯಾದಿ)

ಹಾರ್ಲೆಂ_ಬಿಜಾಪುರಿ:

ಎಲ್ಲಾರಿಗೂ ನಮಸ್ಕಾರ ರೀ. ನಾ ವಿಜಯಪುರದಂವ (ಬಾಯಾಗ ಇನ್ನೂ ಬಿಜಾಪುರನ ಬರ್ತದ, ಕ್ಷಮಿಸ್ರಿ), 29 ವರ್ಷ ಆತು ನೆದರ್ಲೆಂಡ್ಸಿನ ಹಾರ್ಲೆಂ ಊರಾಗ ಇದ್ದೀನಿ. ಎಣ್ಣಿ ಬಣ್ಣದ ಚಿತ್ರ ಬರೀತೀನಿ, ಹೊಟ್ಟಿಪಾಡಿಗೆ ವಾರದಾಗ ಮೂರು ದಿನ ಫ್ರೇಮ್ ಕಟ್ಟೋ ಅಂಗಡ್ಯಾಗ ಕೆಲಸ. ವಯಸ್ಸು 63.

ಹೋದ ಸೆಪ್ಟೆಂಬರ್‌ದಾಗ ಬಲಗಣ್ಣಿನ ಪೊರೆ ತಗದು ಲೆನ್ಸ್ ಹಾಕಿದ್ರು. ಮರುದಿನ ಪಟ್ಟಿ ಬಿಚ್ಚಿ ಮನಿಗೆ ಬಂದಂವನ ಸ್ಟುಡಿಯೋದ ಬಿಳಿ ಗ್ವಾಡಿ ಮುಂದ ನಿಂತು ಒಂದೊಂದ ಕಣ್ಣು ಮುಚ್ಚಿ ನೋಡಿದೆ. ಬಲಗಣ್ಣಿಗೆ ಗ್ವಾಡಿ ಸುಣ್ಣದಾಗ ನೀಲಿ ಜಾಸ್ತಿ ಬಿದ್ದಂಗ, ಎಡಗಣ್ಣಿಗೆ ಅದ ಗ್ವಾಡಿ ಚಾ ಚೆಲ್ಲಿ ಒರಸಿದಂಗ! ಆಮ್ಯಾಲ ಹಳೇ ಕ್ಯಾನ್ವಾಸ್ ಒಂದೊಂದ ತಿರುವಿ ಇಟ್ಟು ನೋಡಿದ್ರ ಎದಿ ಧಸಕ್ ಅಂತು. ಆರು ವರ್ಷದಿಂದ ಗೋಳಗುಮ್ಮಟದ ಒಂದು ಸರಣಿ ಮಾಡ್ಲಿಕತ್ತೀನಿ, ಕರಿಗಲ್ಲಿನ ನೆಳ್ಳು ಅಂತ ನಾ ಹಚ್ಚಿದ್ದೆಲ್ಲಾ ಈಗ ನೇರಳಿ ಹಣ್ಣು ಜಜ್ಜಿದಂಗ ಕಾಣ್ತದ, ಅಂದ್ರ ಕಣ್ಣಿಗೆ ನೀಲಿ ಕಾಣದಿದ್ದಕ್ಕ ಕೈ ಇನ್ನಷ್ಟು ನೀಲಿ ಹಾಕಿ ಹಾಕಿ ಸರಿ ಮಾಡ್ಕೊಂಡದ, ಮತ್ತ ಈ ಆರು ವರ್ಷದಾಗ ನನಗ ಯಾರೂ ಹೇಳಿಲ್ಲ, ಗ್ಯಾಲರಿಯವ್ರಂತೂ ‘ನಿಮ್ಮ ಬಣ್ಣ ಭಾಳ ಧೈರ್ಯದ್ದು’ ಅಂತ ಬೆನ್ನು ತಟ್ಟಿದ್ರು.

ಡಿಸೆಂಬರ್‌ದಾಗ ಮೂರು ತಿಂಗಳು ಊರಿಗೆ ಬರ್ತೀನಿ. ಎಡಗಣ್ಣು ವಿಜಯಪುರ ಇಲ್ಲಾ ಬೆಳಗಾವಿಯಾಗ ಮಾಡಿಸಿದ್ರ ಹ್ಯಾಂಗ? ಇಲ್ಲಿ ಮೊದಲ ಮನೀ ಡಾಕ್ಟರ್ ಚೀಟಿ, ಆಮ್ಯಾಲ ದವಾಖಾನಿ, ಆಮ್ಯಾಲ ಪಾಳಿ, ವರ್ಷ ಬದಲಾತು ಅಂದ್ರ ವಿಮೆಯವ್ರು ಕೊಡೂಕ್ಕಿಂತ ಮೊದಲಿನ 385 ಯೂರೋ ಮತ್ತ ನಮ್ಮ ಕಿಸೆದಿಂದನ.

ಇನ್ನ 11 ಡಬ್ಬಿ ಪುಸ್ತಕ ಅವ. ನಿಧಾನಕ್ಕ ಊರಿಗೆ ಸಾಗಸಬೇಕು ಅಂತ ಆಸೆ. ಊರ ಮನಿ ಮಣ್ಣಿನ ಮಾಳಿಗಿದು, ಉಳೀತಾವೇನು?

ಕಡೀದು ಪ್ರಶ್ನೆ ಅಲ್ಲ, ಸಂಕಟ. ನಮ್ಮಣ್ಣನ ಮಗ ರವಿವಾರಕ್ಕೊಮ್ಮೆ ಫೋನ್ ಮಾಡ್ತಾನ. ಮಳಿ, ಜ್ವಾಳದ ರೇಟು ತನಕ ಎಲ್ಲಾ ಛಲೋ, ರಾಜಕೀಯಕ್ಕ ಬಂದ್ವಿ ಅಂದ್ರ ‘ಕಾಕಾ, ನೀ ಪಾಸ್‌ಪೋರ್ಟ್ ಬದಲಿ ಮಾಡಿದಿ, ಇಲ್ಲಿ ನಿನಗ ವೋಟಿಲ್ಲ, ಸುಮ್ನ ಚಿತ್ರ ಬರಿ’ ಅಂತಾನ. ಅವಂದೂ ಸುಳ್ಳಲ್ಲ, ಓಸಿಐ ಕಾರ್ಡಿದ್ರ (ಬ್ಯಾರೇ ದೇಶದ ಪಾಸ್‌ಪೋರ್ಟ್ ತಗೊಂಡ ಭಾರತ ಮೂಲದವ್ರಿಗೆ ಕೊಡೂದು) ವೀಸಾ ಬ್ಯಾಡ ಅಷ್ಟ, ವೋಟೂ ಇಲ್ಲ ಹೊಲ ಖರೀದಿನೂ ಇಲ್ಲ. ಇಲ್ಲಿ ವೋಟದ, ಹಾಕ್ತೀನಿ ಸೈತ. 2023ರ ನವೆಂಬರ್‌ದಾಗ ಹೊರಗಿನವ್ರು ಸಾಕು ಅನ್ನೋ ಪಾರ್ಟಿ 150ರಾಗ 37 ಸೀಟ್ ತಗೊಂಡು ಎಲ್ಲಾರಕಿಂತ ಮುಂದ ಬಂತು, ಮರುದಿನ ಅಂಗಡಿಗೆ ಬಂದ ಗಿರಾಕಿ ಒಬ್ರು ‘ನಿಮ್ಮಂಥವ್ರ ಬಗ್ಗೆ ಅಲ್ಲ ಬಿಡ್ರಿ ಅದು’ ಅಂತ ಸಮಾಧಾನ ಮಾಡಿದ್ರು, ನನಗ ಅದ ಜಾಸ್ತಿ ಚುಚ್ಚಿತು. ಆಮ್ಯಾಲಿನ ಸರ್ಕಾರ ಪುಸ್ತಕ, ನಾಟಕ, ಮ್ಯೂಸಿಯಂ ಮ್ಯಾಲಿನ ತೆರಿಗಿ ಶೇ 9ರಿಂದ 21ಕ್ಕ ಏರಸ್ತೀವಿ ಅಂತು, ನಾವೆಲ್ಲಾ ಗದ್ದಲ ಮಾಡಿದ್ವಿ, ಹಿಂದ ತಗೊಂಡ್ರು. ಅಂದ್ರ ಇಲ್ಲಿ ಬಾಯಿ ತೆರೀಬಹುದು, ಹುಟ್ಟಿದ ಊರಿನ ಬಗ್ಗೆ ತೆರೀಬಾರ್ದು? ನೀವ ಹೇಳ್ರಿ.

ಚಸ್ಮಾ_ಬೆಳಗಾವಿ:

ಸರ್, ನಾ ಡಾಕ್ಟರ್ ಅಲ್ಲ, 34 ವರ್ಷ ಚಸ್ಮಾ ಅಂಗಡಿ ನಡಿಸೀನಿ, ಅಷ್ಟ ತಿಳಕೊಂಡು ಓದ್ರಿ.

ನಿಮಗ ಆಗಿದ್ದು ಎಲ್ಲಾರಿಗೂ ಆಗೂದ ಐತಿ, ವಯಸ್ಸಾದಂಗ ಕಣ್ಣೊಳಗಿನ ಲೆನ್ಸ್ ಹಳದಿ ಆಗಿ ಕಂದು ಆಗಿ ನೀಲಿ ಬೆಳಕು ತಡೀತೈತಿ, ನಿಧಾನಕ್ಕ ಆಗೂದ್ರಿಂದ ಗೊತ್ತ ಆಗೂದಿಲ್ಲ. ಬ್ಯಾರೇ ಮಂದಿ ‘ಟಿವಿ ಛಲೋ ಕಾಣಾಕತ್ತೈತಿ’ ಅಂತ ಖುಷಿಯಾಗಿ ಹೋಗ್ತಾರು, ನೀವು ಬಣ್ಣದ ಮಂದಿ, ನಿಮಗ ತ್ರಾಸ.

ಇಲ್ಲಿ ಮಾಡಿಸ್ರಿ, ಹೆದರಬ್ಯಾಡ್ರಿ, ಬೆಳಗಾವಿ ವಿಜಯಪುರ ಎರಡೂ ಕಡೆ ದಿನಾ ಮಾಡ್ತಾರು. ಆದ್ರ ಒಂದು ಮರೀಬ್ಯಾಡ್ರಿ: ಬಲಗಣ್ಣಿಗೆ ಹಾಕಿದ್ದರ ಲೆನ್ಸ್ ಕಾರ್ಡ್ ತಗೊಂಡ ಬರ್ರಿ. ಲೆನ್ಸಿನ್ಯಾಗ ಪೂರಾ ತಿಳಿ ಇದ್ದದ್ದೂ ಬರ್ತೈತಿ, ನೀಲಿ ತಡಿಯೂ ಸ್ವಲ್ಪ ಹಳದಿ ಛಾಯಾದ್ದೂ ಬರ್ತೈತಿ. ಒಂದಕ್ಕ ಅದು ಇನ್ನೊಂದಕ್ಕ ಇದು ಹಾಕಿಸ್ಕೊಂಡ್ರ ನಿಮ್ಮ ಗ್ವಾಡಿ ಸಾಯೂತನ ಎರಡ ಬಣ್ಣಾನ. ನಮ್ಮ ಮಾವಗ ಒಂದ ಕಡೆ ಆಪರೇಶನ್ ಆತು, ಕಾರ್ಡ್ ಕೊಡಲೇ ಇಲ್ಲ, ಕೇಳಿದ್ರ ‘ಎಲ್ಲಾ ಒಂದ ನಮೂನಿ ಇರ್ತಾವ’ ಅಂದ್ರು. ಎರಡನೇ ಕಣ್ಣಿನ ಟೈಮಿಗೆ ಮೂರು ಸಲ ಓಡಾಡಿದ್ವಿ.

ಮತ್ತ ಬಂದ ಕೂಡಲೇ ಮಾಡಿಸ್ರಿ, ವಾಪಸ್ ಹೋಗೂ ವಾರಕ್ಕ ಇಡಬ್ಯಾಡ್ರಿ. ನಾಕಾರು ವಾರ ಡ್ರಾಪ್ಸ್ ಇರ್ತಾವ, ತೋರಿಸಾಕ ಹೋಗಬೇಕು, ವಿಜಯಪುರದ ಧೂಳು ನಿಮಗ ನಾ ಏನ್ ಹೇಳ್ಲಿ. ಟರ್ಪಂಟೈನ್ ವಾಸನಿ ಮುಂದ ಕುಂದ್ರೂದು ಸ್ವಲ್ಪ ದಿನ ಬಿಡ್ರಿ. ವರ್ಷಗಟ್ಟಲೇ ಮುಂದ ಹಾಕಿದ್ರ ಪೊರೆ ಗಟ್ಟಿ ಆಗಿ ತಗಿಯಾಕ ತ್ರಾಸ.

ರಾಜಕೀಯದ್ದು ಕೇಳಬ್ಯಾಡ್ರಿ. ನವೆಂಬರ್ 1ಕ್ಕ ಚೆನ್ನಮ್ಮ ಸರ್ಕಲ್‌ದಾಗ ಹಳದಿ ಕೆಂಪು ಬಾವುಟ, ಅದ ದಿನ ಇನ್ನೊಂದ ಕಡೆ ಕರಿ ಪಟ್ಟಿ. ಎರಡೂ ಕಡ್ಯಾವ್ರು ನನ್ನ ಗಿರಾಕಿನ.

ಡ್ರಾಯಿಂಗ್_ಮಾಸ್ತರ್_ರಿಟೈರ್ಡ್:

ಹಾರ್ಲೆಂ ಅಂದ್ರಿ, ಕೂತಲ್ಲಿಂದ ಎದ್ದೆ! ನಿಮಗ ಗೊತ್ತಿದ್ರೂ ಇರಬಹುದು, ನಿಮ್ಮ ಆ ಊರಿನ ಕೊರ್ನೆಲಿಸ್ ಹೆಡಾ ಅನ್ನೋ ಚಿತ್ರಕಾರ ಪ್ರಾಗ್‌ಕ್ಕ ಹೋಗಿ, ಅಲ್ಲಿಂದ ಪರ್ಷಿಯಾ ಕಡೆ ಹೊಂಟು, ಕಡಿಗೆ ನಮ್ಮ ಎರಡನೇ ಇಬ್ರಾಹಿಂ ಆದಿಲಶಾಹನ ದರ್ಬಾರಕ್ಕ ಬಂದು ನಿಂತ. ಬಾದಶಹಾ ಕೆಲಸಾ ಕೊಟ್ಟ. 1622ರ ಸುಮಾರು ಇಲ್ಲೇ ತೀರಿಕೊಂಡ. ಅಂವ ಅಲ್ಲಿಂದ ಇಲ್ಲಿಗೆ, ನೀವು ಇಲ್ಲಿಂದ ಅಲ್ಲಿಗೆ, ನಡುವ 400 ವರ್ಷ. ಅವಗೂ ವೋಟ್ ಇದ್ದಿದ್ದಿಲ್ಲ ಬಿಡ್ರಿ, ಇಬ್ರಾಹಿಮಗೂ ಇದ್ದಿದ್ದಿಲ್ಲ.

ತಮಾಷಿ ಬಾಜೂಕ ಇಟ್ರ, ಆ ಬಾದಶಹಾ ತನ್ನ ಹಾಡಿನ ಪುಸ್ತಕದಾಗ ಸರಸ್ವತಿನ್ನ ನೆನೀತಾನ, 1599ರಾಗ ತೊರವಿ ಕಡೆ ನವರಸಪುರ ಅಂತ ಊರ ಕಟ್ಟಲಿಕ್ಕ ಹಚ್ಚಿದಂವ ಅಂವ. ಅದನ್ನ 1624ರಾಗ ಮಲಿಕ್ ಅಂಬರ್ ಹಾಳ ಮಾಡಿದ. ಅಂಥಾ ಊರಿನ ಬಗ್ಗೆ ಮಾತಾಡ್ಲಿಕ್ಕ ಯಾವ ಕಾರ್ಡ್ ಬೇಕ್ರೀ? ಬಂದಾಗ ಆಸಾರ್ ಮಹಲಿನ ಗ್ವಾಡಿ ಚಿತ್ರದ ಸುದ್ದಿ ಮಾತಾಡೋಣು, ಹೂದಾನಿ ಬರದಿದ್ದು ನೋಡಿದ್ರ ಪಶ್ಚಿಮದ ಕೈ ವಾಸನಿ ಬರ್ತದ.

ಕಣ್ಣಿನ ಬಗ್ಗೆ ಒಂದ ಮಾತು. ಕ್ಲೋಡ್ ಮೊನೆ ಅನ್ನೋ ಫ್ರೆಂಚ್ ಚಿತ್ರಕಾರ 1923ರಾಗ ಬಲಗಣ್ಣಿನ ಪೊರೆ ತಗಿಸ್ಕೊಂಡು, ಎಲ್ಲಾ ನೀಲಿ ಕಾಣ್ತದ ಅಂತ ಒದ್ದಾಡಿ, ಬಣ್ಣದ ಗಾಜಿನ ಚಸ್ಮಾ ಹಾಕ್ಕೊಂಡು, ಎಡಗಣ್ಣು ಮುಟ್ಟಗೊಡಲೇ ಇಲ್ಲ. 1926ರಾಗ ಹಂಗ ಹೋದ. ಹಟಮಾರಿ ಅಂತಾರ, ನನಗ ಅಂವ ಅರ್ಥ ಆಗ್ತಾನ. ಆ ಗುಮ್ಮಟದ ಸರಣಿ ದಯವಿಟ್ಟು ಹೊಸ ಕಣ್ಣಿಂದ ತಿದ್ದಬ್ಯಾಡ್ರಿ. ಯಾವ ಕಣ್ಣಿನ ತಪ್ಪು ಆ ಕಣ್ಣಿಗೇ ಇರಲಿ.

ಪುಸ್ತಕ ಕಳಸ್ರಿ. ಇದು ಫ.ಗು. ಹಳಕಟ್ಟಿಯವ್ರು ಮನಿ ಮಾರಿ ಪ್ರೆಸ್ ಹಾಕಿ ವಚನ ಅಚ್ಚ ಮಾಡಿದ ಊರು. ಒರಲಿ ಮಾತ್ರ ಅದ, ಗ್ವಾಡಿಗೆ ಹಚ್ಚಿ ಕಪಾಟ ಇಡಬ್ಯಾಡ್ರಿ, ಒಂದ ಗೇಣು ಬಿಟ್ಟು ಇಡ್ರಿ, ಕಾಲಿನ ಕೆಳಗ ಕಲ್ಲ ಕೊಡ್ರಿ.

ಖರೇ_ಹೇಳ್ತೀನಿ:

ಬ್ಯಾಸರ ಆಗಬ್ಯಾಡ್ರಿ ಅಣ್ಣಾರ, ನಿಮ್ಮಣ್ಣನ ಮಗ ಹೇಳಿದ್ದ್ರಾಗ ನನಗೇನೂ ತಪ್ಪು ಕಾಣಲಿಲ್ಲ. ನಿಮ್ಮಂಗ ಹೊರಗ ಇದ್ದವ್ರು ಅಲ್ಲಿಂದ ಉಪದೇಶ ಬರೀತೀರಿ, ಬ್ಯಾಸಿಗ್ಯಾಗ ವಾರಕ್ಕೊಮ್ಮೆ ನಳ ಬರೂದು ನಮಗ. ಭಾರತದ ಪಾಸ್‌ಪೋರ್ಟ್ ಇಟ್ಕೊಂಡ ದುಬೈದಾಗ ದುಡಿಯಾವ್ರ ಹೆಸರು ಲಿಸ್ಟಿನ್ಯಾಗ ಹಾಕಿಸ್ಬಹುದು, ಆದ್ರ ವೋಟು ಹಾಕಾಕ ಖುದ್ದ ಬೂತಿಗೇ ಬರಬೇಕು, ಅವ್ರಿಗೇ ಇಷ್ಟ ಇರಬೇಕಾದ್ರ ನಿಮ್ದೇನು? ಚಿತ್ರ ಛಲೋ ಇರ್ತಾವ ನಿಮ್ಮು, ಅದರ ಬಗ್ಗೆ ಎರಡ ಮಾತಿಲ್ಲ.

ಕೊಂಡಿ_ಇಳಕಲ್ಲ:

ಮ್ಯಾಲಿನ ಅಣ್ಣಾರ, ಉಪದೇಶ ಕೇಳಾಕ ಯಾರಿಗೂ ಬ್ಯಾಡ, ಕಬೂಲ್. ಆದ್ರ ಅವ್ರು ಕೇಳಿದ್ದು ಮಾತಾಡ್ಲೇನು ಅಂತ, ಉಪದೇಶ ಮಾಡ್ಲೇನು ಅಂತಲ್ಲ. ನಮ್ಮೂರಿನ ನೇಕಾರರ ಬಗ್ಗೆ ನೂಲು ಮುಟ್ಟಲಾರದವ್ರೆಲ್ಲಾ ಭಾಷಣ ಮಾಡ್ತಾರು, ಅವ್ರೆಲ್ಲರ್ಗೂ ಇಲ್ಲೇ ವೋಟ್ ಐತಿ.

ಕಾಕಾರ, ನಾ ಬರದಿದ್ದು ಕಣ್ಣಿನ ವಿಷಯಕ್ಕ. ನಮ್ಮವ್ವ 40 ವರ್ಷ ಮಗ್ಗದ ಮುಂದ ಕುಂತಾಕಿ. ಒಡಲಿನ ಎಳಿ ಸೆರಗಿನ ಎಳಿ ಒಂದೊಂದ ಕುಣಿಕಿ ಹಾಕಿ ಕೊಂಡಿ ಮಾಡೂದು ಕತ್ತಲದಾಗೂ ಮಾಡ್ತಿದ್ಲು, ಬೆರಳಿಗೇ ಗೊತ್ತಿತ್ತು. ಆದ್ರ ಒಂದ ವರ್ಷ ಚಂದ್ರಕಾಳಿ ಸೀರಿ ನೇಯಬೇಕಾದ್ರ ಕಡುನೀಲಿ ನೂಲು ಕರಿ ನೂಲು ಎರಡೂ ಕಲಿಸಿಬಿಟ್ಲು. ಸಾವುಕಾರ ವಾಪಸ್ ಕೊಟ್ಟ, ಕೂಲಿ ಹಿಡದ. ಅವ್ವ ಎರಡ ದಿನ ಯಾರ ಕೂಡನೂ ಮಾತಾಡಲಿಲ್ಲ. ಆಮ್ಯಾಲ ತೋರಿಸಿದ್ರ ಪೊರೆ. ಎರಡೂ ಕಣ್ಣು ಆದ ಮ್ಯಾಲ ಮನ್ಯಾಗಿನ ಸೀರಿ ಎಲ್ಲಾ ಬಿಸಲಿಗೆ ತಂದು ಹಾಸಿ ‘ಇದು ನೀಲಿ, ಇದು ನೀಲಿ, ಇದು ಕರೀದು’ ಅಂತ ಒಬ್ಬಾಕಿನ ಲೆಕ್ಕ ಮಾಡ್ಕೋತ ಕುಂತಿದ್ಲು.

ಅದಕ್ಕ ನನ್ನ ಐಡಿಯಾ ಕೇಳ್ರಿ. ಎಡಗಣ್ಣು ಮಾಡಿಸೂದಕ್ಕಿಂತ ಮೊದ್ಲ ಆ ಹಳೇ ಕಣ್ಣಿಂದ ಒಂದ ಬಟ್ಟಿ ಚಿತ್ರ ಬರದು ಇಟ್ಕೋರಿ, ಬಲಗಣ್ಣು ಮುಚ್ಚಿ. ಆಮ್ಯಾಲ ಅದ ಬಟ್ಟಿ ಹೊಸ ಕಣ್ಣಿಂದ ಮತ್ತ ಬರೀರಿ. ಬೇಕಾದ್ರ ಸೀರಿ ತುಂಡು ನಾ ಕಳಸ್ತೀನಿ.

ಹಾರ್ಲೆಂ_ಬಿಜಾಪುರಿ:

ಎಲ್ಲಾರಿಗೂ ಶರಣು. ಚಸ್ಮಾ ಸರ್, ಕಾರ್ಡ್ ಹುಡುಕಿದೆ, ಫ್ರಿಜ್ಜಿನ ಮ್ಯಾಲ ಕರೆಂಟ್ ಬಿಲ್ಲಿನ ಕೆಳಗ ಸಿಕ್ತು, ಪಾಸ್‌ಪೋರ್ಟಿನ ಒಳಗ ಇಟ್ಟೆ. ಬಂದ ವಾರದಾಗ ಬೆಳಗಾವಿಗೆ ತೋರಸ್ತೀನಿ.

ಮಾಸ್ತರ, ಹೆಡಾ ಹೆಸರು ಗೊತ್ತಿತ್ರಿ, ಆದ್ರ ಅಂವಗೂ ನನಗೂ ಸಂಬಂಧ ಅದ ಅಂತ ಎಂದೂ ಅನಸಿದ್ದಿಲ್ಲ, ಮುಂಜಾನೆ ಕೆಲಸಕ್ಕ ಹೋಗಬೇಕಾದ್ರ ಕಾಲುವಿ ದಂಡಿ ಮ್ಯಾಲ ನಡಕೋತ ಪಾಪ ಅವಗ ಎಷ್ಟು ಸೆಖಿ ಆಗಿರಬೇಕು ಅಂತ ನಕ್ಕೆ.

‘ಖರೇ’ ಅಣ್ಣಾರ, ನಳದ ಮಾತು ನಾಟಿತು. ಅದಕ್ಕ ಉತ್ತರ ಇಲ್ಲ ನನ್ನ ಕಡೆ. ಆದ್ರ ಸುಮ್ನ ಇರೂದಿಲ್ಲ, ಅದನ್ನೂ ಖರೇ ಹೇಳ್ತೀನಿ.

ತಂಗೀ, ಸೀರಿ ತುಂಡು ಕಳಸಬ್ಯಾಡವ್ವ. ನಮ್ಮವ್ವನ ಚಂದ್ರಕಾಳಿ ಇಲ್ಲೇ ಅದ, ಈಸಲ್ ಮುಚ್ಚಲಿಕ್ಕ ಹಾಕಿದ್ದೆ, 29 ವರ್ಷದಿಂದ ಕರೀದು ಅಂತ ತಿಳದಿದ್ದೆ. ನಿನ್ನ ಪೋಸ್ಟ್ ಓದಿ ಕಿಡಕಿಗೆ ಹಿಡದೆ. ಎಡಗಣ್ಣಿಗೆ ಕರೀದ. ಬಲಗಣ್ಣಿಗೆ ನೀಲಿ, ಮಡಿಕಿ ಸವದಲ್ಲಂತೂ ಅಚ್ಚ ನೀಲಿ. ಫೋಟೋ ತಗದು ನಮ್ಮಣ್ಣನ ಮಗಗ ಕಳಿಸಿದೆ, ‘ಕರೀದ ಅದಲ್ಲ ಕಾಕಾ’ ಅಂದ. ಈ ರವಿವಾರ ಜಗಳಾ ಅದರ ಮ್ಯಾಲನ.