ಸೋಮವಾರದ ಇಲಿ

ಸೀನ ಮತ್ತೆ ಸಕ್ಕರೆ ಬಿಟ್ಟಿದ್ದಾನೆ. ಈ ವರ್ಷ ಇದು ಆರನೇ ಸಲ, ಪ್ರತಿ ಸಲಾನೂ ಸೋಮವಾರ ಬಿಡ್ತಾನೆ, ಗುರುವಾರದ ಹೊತ್ತಿಗೆ ಕೈ ಬಿಸ್ಕೆಟ್ ಡಬ್ಬಿ ಒಳಗಿರತ್ತೆ, ಹಿಡ್ಕೊಂಡ್ರೆ "ಎಷ್ಟಿದೆ ಅಂತ ಎಣಿಸ್ತಿದ್ದೆ ಕಣೋ" ಅಂತಾನೆ.

"ಇದು ಚಟ ಕಣ್ರೋ, ನನ್ ತಪ್ಪೇನಿಲ್ಲ. ಸಿಹಿ ತಿಂದ್ರೆ ಮಿದುಳಲ್ಲಿ ಡೋಪಮೈನ್ ಅನ್ನೋ ರಾಸಾಯನಿಕ ಏರತ್ತಂತೆ, ಡ್ರಗ್ಸ್ ತಗೊಂಡಂಗೇ" ಅಂದ ನಿನ್ನೆ.

"ಇಷ್ಟದ ಹಾಡು ಕೇಳಿದ್ರೂ ಏರತ್ತೆ. ಹಂಗಂತ ನೀನು ಬಾತ್‌ರೂಮಲ್ಲಿ ಹಾಡೋದು ಡ್ರಗ್ಸಾ?" ಅಂದ್ಲು ಪದ್ದಿ.

"ಪಕ್ಕದ್ಮನೆಯವ್ರಿಗೆ ಓವರ್‌ಡೋಸ್" ಅಂದ ಗಿರಿ.

ಪದ್ದಿ ಅಷ್ಟಕ್ಕೇ ಬಿಡೋಳಲ್ಲ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತಂದ ಡಿಎಸ್‌ಎಂ-5 ಅನ್ನೋ ಕೈಪಿಡೀಲಿ ಚಟಗಳ ಪಟ್ಟಿ ಇದೆಯಂತೆ, ಹೆಂಡ ಇದೆ ತಂಬಾಕು ಇದೆ ಜೂಜೂ ಇದೆ, ಸಕ್ಕರೆ ಮಾತ್ರ ಇಲ್ಲ.

ಸೀನ ಬ್ರಹ್ಮಾಸ್ತ್ರ ತೆಗೆದ. "ಅಮೆರಿಕದ ಪ್ರಿನ್ಸ್‌ಟನ್ ಯೂನಿವರ್ಸಿಟೀಲಿ ಇಲಿಗಳಿಗೆ ಸಕ್ಕರೆ ನೀರು ಕೊಟ್ರಲ್ಲ! ಮುಗಿಬಿದ್ದು ಕುಡಿದ್ವು, ದಿನಾ ಇನ್ನೂ ಜಾಸ್ತಿ ಕುಡಿದ್ವು!"

"ಪೂರ್ತಿ ಓದಿದ್ಯಾ? ಆ ಇಲಿಗಳನ್ನ ದಿನಕ್ಕೆ 12 ಗಂಟೆ ಉಪವಾಸ ಕೆಡವಿ ಆಮೇಲೆ ಸಕ್ಕರೆ ನೀರು ಇಟ್ಟಿದ್ದು. ಹೊತ್ತಿಡೀ ಮುಂದೇನೇ ಇಟ್ಟಿದ್ದ ಇಲಿಗಳು ಹಂಗೆ ಮುಗಿಬೀಳ್ಲಿಲ್ಲ. ಬಿಡಿಸಿ ಬಿಡಿಸಿ ಕೊಟ್ಟಿದ್ದಕ್ಕೇ ಹುಚ್ಚು ಹಿಡಿದಿದ್ದು" ಅಂದ್ಲು ಪದ್ದಿ.

ಸೋಮವಾರ ಉಪವಾಸ, ಗುರುವಾರ ಡಬ್ಬಿ. ಎಲ್ರೂ ಒಂದೇ ಸಲ ಸೀನನ್ನ ನೋಡಿದ್ವಿ. ಅವನಿಗೆ ಬೇಜಾರಾಗತ್ತೆ ಅಂದ್ಕೊಂಡ್ರೆ ಮುಖ ಅರಳ್ತು.

"ಅಂದ್ರೆ ಬಿಟ್ಟಿದ್ದೇ ತಪ್ಪು! ಡಬ್ಬಿ ಕೊಡ್ರೋ ಇಲ್ಲಿ!"

"ಲೇ, ಅದಕ್ಕೂ ಲೆಕ್ಕ ಇದೆ" ಅಂತ ಗಿರಿ ಶುರು ಮಾಡ್ದ, ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ ಮೇಲಿಂದ ಹಾಕ್ಕೊಳ್ಳೋ ಸಕ್ಕರೆ, ಜೇನು, ಜ್ಯೂಸಿನ ಸಕ್ಕರೆ ಎಲ್ಲಾ ಸೇರಿ ದಿನಕ್ಕೆ ಸುಮಾರು 25 ಗ್ರಾಮ್, ಅಂದ್ರೆ ಆರು ಟೀ ಚಮಚದೊಳಗಿದ್ರೆ ಒಳ್ಳೇದು ಅಂತ. ಹೇಳ್ತಾ ಹೇಳ್ತಾ ಕುಡೀತಿದ್ದ ಕೋಲಾ ಕ್ಯಾನ್ ಪದ್ದಿ ಕಿತ್ಕೊಂಡು ತಿರುಗಿಸಿ ನೋಡಿದ್ಲು, ಅದೊಂದ್ರಲ್ಲೇ 35 ಗ್ರಾಮ್. ಗಿರಿ ಆಮೇಲೆ ಜಾಸ್ತಿ ಮಾತಾಡ್ಲಿಲ್ಲ.

ಸಮಾಧಾನಕ್ಕೆ ನಾನಂದೆ, ಬೆಕ್ಕಿಗೆ ಸಿಹಿ ರುಚಿ ಗೊತ್ತೇ ಆಗಲ್ವಂತೆ, ಸಿಹಿ ಗ್ರಹಿಸೋ ಜೀನೇ ಅದಕ್ಕೆ ಕೆಟ್ಟಿದೆಯಂತೆ.

"ಹಂಗಾದ್ರೆ ಮುಂದಿನ ಜನ್ಮಕ್ಕೆ ಬೆಕ್ಕು, ಈ ಜನ್ಮಕ್ಕೆ ಇಲಿಯಾಗಿದ್ದು ಸಾಕು" ಅಂದ ಸೀನ. ಬಾಯ್ತುಂಬ ಬಿಸ್ಕೆಟ್ ಇತ್ತಲ್ಲ, ಅರ್ಧ ಅರ್ಥ ಆಗ್ಲಿಲ್ಲ.

ನಿನ್ನೆ ಬುಧವಾರ.